ಅಕ್ಕನ ಉಂಡಿ, ಮಾವನ ನಳಿಕೆ

ಬೆಲ್ಲದ ಕೆಲಸ ಸಿಹಿ ಮಾಡುವುದು ಎಂದು ತಿಳಿದುಕೊಂಡವರು ಒಮ್ಮೆಯೂ ಉಂಡಿ ಕಟ್ಟಿದವರಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಸಿಹಿ ಎನ್ನುವುದು ಬೆಲ್ಲ ಬಿಡುವಿನ ವೇಳೆಯಲ್ಲಿ ಮಾಡುವ ಕೆಲಸ. ಅದರ ನಿಜವಾದ ನೌಕರಿ ಹಿಡಿದಿಡುವುದು. ಶೇಂಗಾಕ್ಕೂ ಹುರಿದು ಅರಳಿಸಿದ ಜೋಳದ ಅಳ್ಳಿಗೂ ಹುಟ್ಟಿನಿಂದ ಯಾವ ನೆಂಟಸ್ತಿಕೆಯೂ ಇಲ್ಲ. ಬೆಲ್ಲ ನಡುವೆ ಬಂದು ಕೂತದ್ದಕ್ಕೆ ಅವು ಒಂದೇ ಉಂಡಿಯಲ್ಲಿ ಸಂಸಾರ ಮಾಡುತ್ತವೆ. ಈ ಸತ್ಯ ನನಗೆ ತಿಳಿದದ್ದು ನಲವತ್ತೆರಡನೆಯ ವಯಸ್ಸಿನಲ್ಲಿ, ಅದೂ ಬೆಲ್ಲವನ್ನು ತೆಗೆದು ನೋಡಿದ ಮೇಲೆ. ಅಲ್ಲಿಯವರೆಗೆ ನಾನು ಅಡುಗೆಮನೆಗೆ ಹೋಗುತ್ತಿದ್ದದ್ದು ನೀರು ಕುಡಿಯಲು, ಇಲ್ಲವೇ "ಇನ್ನೂ ಆಗಿಲ್ಲೇನು?" ಎಂದು ಕೇಳಲು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಇವತ್ತು ಈ ಕಥೆ ಹೇಳುವ ಪ್ರಸಂಗ ಬರುತ್ತಿರಲಿಲ್ಲ.

ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ನಾನು ರಾಯಚೂರಿನ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಅವ್ವ ಅಪ್ಪ ತೀರಿಹೋಗಿ ಬಹಳ ವರ್ಷವಾಗಿತ್ತು. ನನಗಿದ್ದ ದೊಡ್ಡವರೆಂದರೆ ನರಸಮ್ಮಕ್ಕ ಒಬ್ಬಳೇ, ಮಾನ್ವಿಗೆ ಕೊಟ್ಟಿತ್ತು. ನಮ್ಮ ಅಪ್ಪ ಅವ್ವ ಹತ್ತಿ ಗಿರಣಿಯಲ್ಲಿ ಕೂಲಿ ಮಾಡುತ್ತಿದ್ದಾಗ ಅಕ್ಕನೂ ಹನ್ನೆರಡನೆಯ ವಯಸ್ಸಿಗೇ ಅವರ ಹಿಂದೆ ಹೋಗಿ ಹತ್ತಿ ಆರಿಸಿದಳು, ನನ್ನನ್ನು ಮಾತ್ರ ಸಾಲಿಗೆ ಅಟ್ಟಿದಳು. ನಾನು ಸಾಲಿ ತಪ್ಪಿಸಿ ಗಿರಣಿಯ ಹಿಂದೆ ಬಂದು ಕೂತರೆ ಹತ್ತಿಯ ಚೀಲದಂತೆ ಎತ್ತಿಕೊಂಡು ಹೋಗಿ ಮಾಸ್ತರರ ಮುಂದೆ ಇಳಿಸುತ್ತಿದ್ದಳು. ನಾನು ಕುರ್ಚಿಯ ಮೇಲೆ ಕೂತು ಸಂಬಳ ತಿಂದದ್ದು ಆ ಎತ್ತಿದ ಕೈಯ ಪುಣ್ಯ. ಹೀಗಾಗಿ ವರ್ಷಕ್ಕೊಮ್ಮೆ ನಾಗರಪಂಚಮಿಗೆ ಅಕ್ಕನನ್ನು ಕರೆತರುವುದು ನನಗೆ ಹಬ್ಬದ ಶಾಸ್ತ್ರವಷ್ಟೇ ಆಗಿರಲಿಲ್ಲ. ಅವಳಿಗೆ ತವರು ಅಂತ ಉಳಿದದ್ದು ನಾನೊಬ್ಬನೇ.

ನಮ್ಮ ಕಡೆ ಪಂಚಮಿ ಎಂದರೆ ಉಂಡಿ. ಶೇಂಗಾ ಉಂಡಿ, ಎಳ್ಳುಂಡಿ, ಹುರಿಗಡಲೆಯ ಪುಟಾಣಿ ಉಂಡಿ, ಅಳ್ಳಿನ ಉಂಡಿ, ರವಾ ಉಂಡಿ, ಹೀಗೆ ಕನಿಷ್ಠ ಐದು ಬಗೆ. ತವರಿಗೆ ಬಂದ ಹೆಣ್ಣುಮಗಳು ಅವುಗಳನ್ನು ಮನಸಾರೆ ತಿಂದು, ಹೋಗುವಾಗ ಬುಟ್ಟಿ ತುಂಬಿಕೊಂಡು ಹೋಗಿ ಗಂಡನ ಮನೆಯ ಓಣಿಗೆಲ್ಲ ಹಂಚಬೇಕು. ಆ ಉಂಡಿಯ ಗಾತ್ರ, ರುಚಿ, ಬಗೆಗಳ ಮೇಲೆ ಮಾನ್ವಿಯ ಆ ಓಣಿಯ ಹೆಂಗಸರು ನನ್ನ ಯೋಗ್ಯತೆಯನ್ನು ತೀರ್ಮಾನ ಮಾಡುತ್ತಿದ್ದರು. ಕಚೇರಿಯ ಮೇಲಧಿಕಾರಿ ವರ್ಷಕ್ಕೊಮ್ಮೆ ನನ್ನ ಬಗ್ಗೆ ಬರೆಯುತ್ತಿದ್ದ ಗುಪ್ತ ವರದಿಗೆ ನಾನು ಎಂದೂ ಇಷ್ಟು ಹೆದರಿದವನಲ್ಲ.

ಆ ವರ್ಷ ಅಕ್ಕನಿಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾಯಿತು. ಪಂಚಮಿಗೆ ಇನ್ನೂ ಒಂದೂವರೆ ತಿಂಗಳು ಇರುವಾಗಲೇ ಮಾನ್ವಿಗೆ ಹೋದೆ, ಮಾತನಾಡಿಸಿ ಹಬ್ಬಕ್ಕೂ ಹೇಳಿ ಬರೋಣವೆಂದು. ಅಕ್ಕ ರೊಟ್ಟಿ ಬಡಿಯುತ್ತಿದ್ದವಳು ತಲೆ ಎತ್ತದೆಯೇ ಹೇಳಿದಳು:

"ಈ ಸಲ ನಾ ಬರಂಗಿಲ್ಲ ತಮ್ಮಾ. ಉಂಡಿ ತಿನ್ನಲಾರದಕ್ಕ ಪಂಚಮಿಗೆ ಬರೋದು ಅಂದ್ರ ಕಣ್ಣು ಕಟ್ಕೊಂಡು ಸಿನಿಮಾಕ್ಕ ಹೋದಂಗ."

"ನೀ ಬರ್ಲಿಲ್ಲಂದ್ರ ಓಣ್ಯಾಗಿನ ಮಂದಿ ಏನಂತಾರಕ್ಕ?"

"ಏನಂತಾರ, ತಮ್ಮ ಕರಿಯಾಕ ಬರ್ಲಿಲ್ಲ ಅಂತಾರ. ಅನ್ಲಿ ಬಿಡು. ಕೆಟ್ಟ ಹೆಸರು ನಿನಗ ಬರ್ತದ, ನನಗೇನು?"

ನಿನಗಾಗಿ ಬೇರೆ ಉಂಡಿ ಮಾಡಿಸುತ್ತೇನೆ, ಬೆಲ್ಲ ಕಡಿಮೆ ಹಾಕಿಸುತ್ತೇನೆ ಎಂದೆ. ಅಕ್ಕ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ನನ್ನ ಕಡೆ ತಿರುಗಿದಳು. "ನನಗೊಂದು ಬ್ಯಾರೆ ಡಬ್ಬಿ, ಮಂದಿಗೊಂದು ಬ್ಯಾರೆ ಬುಟ್ಟಿ ಮಾಡಿದ್ರ ನಿನ್ನ ಹೊಸ್ತಿಲ ದಾಟಂಗಿಲ್ಲ ನೋಡು. ಎಲ್ಲಾರೂ ತಿನ್ನೋದನ್ನ ನಾ ತಿನ್ನಬೇಕು. ಅದು ಉಂಡಿನ ಆಗಿರ್ಬೇಕು, ಔಷಧ ಆಗಬಾರ್ದು. ಡಾಕ್ಟ್ರು ಬೆಲ್ಲ ಹೆಸರಿಗಿಷ್ಟು ಇದ್ರ ದಿನಕ್ಕೊಂದು ತಿನ್ನು ಅಂದಾರ. ಅಂಥಾದ್ದು ನಿನ್ನ ಕೈಲೆ ಆದ್ರ ಹೇಳಿ ಕಳಿಸು, ಬರ್ತೀನಿ."

ನಮ್ಮ ಮಾವ, ಎಂದರೆ ಅಕ್ಕನ ಗಂಡ, ಆಗ ಪಡಸಾಲೆಯಲ್ಲಿ ಒಂದು ಸ್ಪಿರಿಟ್ ದೀಪ ಹಚ್ಚಿಕೊಂಡು ಕೂತಿದ್ದರು. ಮೂವತ್ತು ವರ್ಷ ದವಾಖಾನೆಯಲ್ಲಿ ಜವಾನರಾಗಿದ್ದು ನಿವೃತ್ತರಾದವರು. ಅಕ್ಕನಿಗೆ ಕಾಯಿಲೆ ಬಂದದ್ದು ಅವರಿಗೆ ಮತ್ತೆ ನೌಕರಿ ಸಿಕ್ಕಂತಾಗಿತ್ತು. ಆಗ ಈಗಿನ ಹಾಗೆ ಬೆರಳು ಚುಚ್ಚಿ ನೋಡುವ ಯಂತ್ರ ಮನೆಮನೆಗೆ ಬಂದಿರಲಿಲ್ಲ. ಗಾಜಿನ ನಳಿಕೆಯಲ್ಲಿ ನೀಲಿ ಬಣ್ಣದ ಔಷಧ ಹಾಕಿ, ಅದಕ್ಕೆ ಎಂಟು ಹನಿ ಮೂತ್ರ ಬಿಟ್ಟು, ದೀಪದ ಮೇಲೆ ಕಾಯಿಸಬೇಕು. ನೀಲಿ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ ಇದೆ, ಹಳದಿಯಾದರೆ ಎಚ್ಚರ, ಇಟ್ಟಂಗಿ ಕೆಂಪಾದರೆ ಮುಗಿಯಿತು. ಮಾವ ಆ ನಳಿಕೆಯನ್ನು ಇಕ್ಕಳದಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ ಬೆಳಕಿಗೆ ನೋಡುವ ಗಾಂಭೀರ್ಯವನ್ನು ಕಂಡರೆ ಎಂಥ ರೋಗಕ್ಕೂ ಅಂಜಿಕೆ ಬರಬೇಕು.

ರಾಯಚೂರಿಗೆ ವಾಪಸು ಬರುವಾಗ ಬಸ್ಸು ಕಲ್ಮಲ ದಾಟುವುದರೊಳಗೆ ನನ್ನ ಯೋಜನೆ ಸಿದ್ಧವಾಗಿತ್ತು. ಮನೆಗೆ ಬಂದವನೇ ಹೆಂಡತಿ ಈರಮ್ಮನಿಗೆ ಎಲ್ಲ ಹೇಳಿದೆ. ಅವಳು, "ನಾ ಮಾಡ್ತೀನಿ ಬಿಡ್ರಿ" ಅಂದಳು. ನಾನು, "ಇದು ನಿನಗ ತಿಳಿಯೋ ವಿಷಯ ಅಲ್ಲ. ಇದಕ್ಕ ಲೆಕ್ಕಾಚಾರ ಬೇಕಾಗ್ತದ" ಅಂದೆ. ಹದಿನೆಂಟು ವರ್ಷದಿಂದ ಪ್ರತಿ ಪಂಚಮಿಗೂ ಐದು ಬಗೆಯ ಉಂಡಿ ಕಟ್ಟಿದವಳಿಗೆ, ನೀರು ಕಾಯಿಸುವುದನ್ನೂ ಅರಿಯದ ನಾನು ಹೇಳಿದ ಮಾತು ಇದು. ಈರಮ್ಮ ಒಲೆ ಬಿಟ್ಟು ಎದ್ದು, "ಮಾಡ್ರಿ ಹಂಗಾರ" ಎಂದು ಸೆರಗು ಕೊಡವಿಕೊಂಡು ಹೊರಗೆ ಹೋದಳು. ಕಚೇರಿಯಿಂದ ತಂದ ಒಂದು ಕಡತಕ್ಕೆ ಟ್ಯಾಗು ಹಾಕಿ, ಮೇಲೆ ದುಂಡಗಿನ ಅಕ್ಷರದಲ್ಲಿ 'ಉಂಡಿ' ಎಂದು ಬರೆದು, ನಾನು ಕೆಲಸಕ್ಕೆ ಕೂತೆ.

ಮೊದಲ ಪ್ರಯೋಗ ಸರಳವಾಗಿತ್ತು. ಬೆಲ್ಲವೇ ಬೇಡ. ಹುರಿದ ಶೇಂಗಾ, ಎಳ್ಳು, ಪುಟಾಣಿ, ಜೋಳದ ಅಳ್ಳು, ಒಣಕೊಬ್ಬರಿ ಎಲ್ಲವನ್ನೂ ಪರಾತದಲ್ಲಿ ಕಲಸಿ, ಒಂದಿಷ್ಟು ತುಪ್ಪ ಬಿಟ್ಟು ಮುಷ್ಟಿಯಲ್ಲಿ ಹಿಡಿದು ಒತ್ತಿದೆ. ಮುಷ್ಟಿ ಬಿಗಿಯಾಗಿರುವವರೆಗೆ ಅದು ಉಂಡಿ. ಬಿಚ್ಚಿದರೆ ಬಿತ್ತನೆ. ಇಡೀ ಅಡುಗೆಮನೆ ಜಿಗಿದಾಡುವ ಪುಟಾಣಿಗಳಿಂದ ತುಂಬಿಹೋಯಿತು. ಅಷ್ಟು ಸಾಮಾನು ಹಾಳು ಮಾಡಲು ಮನಸ್ಸಾಗದೆ ಒಂದು ದೊಡ್ಡ ಡಬ್ಬಿಗೆ ತುಂಬಿಕೊಂಡು, ಆ ವಾರ ದೇವದುರ್ಗಕ್ಕೆ ಕ್ಯಾಂಪ್ ಹೋದಾಗ ಜೊತೆಗೆ ಒಯ್ದೆ. ಅಲ್ಲಿ ಹೋಟೆಲಿನವನಿಂದ ಒಂದು ಲೋಟ ಬಿಸಿ ಹಾಲು ತರಿಸಿ, ಬಟ್ಟಲಲ್ಲಿ ಆ ಪುಡಿಯನ್ನು ಹಾಕಿ, ಹಾಲು ಸುರಿದು ಚಮಚದಿಂದ ತಿಂದೆ. ಚೆನ್ನಾಗಿಯೇ ಇತ್ತು. ಜೊತೆಗಿದ್ದ ಸಹೋದ್ಯೋಗಿಗಳು, "ಏನ್ರೀ ಇದು, ಎಮ್ಮಿಗೆ ಹಾಕೋ ದಾಣಿ ಇದ್ದಂಗ ಅದ" ಎಂದು ನಕ್ಕರು. ಈಗ ಅದೇ ಪದಾರ್ಥವನ್ನು ಬಣ್ಣದ ಪೆಟ್ಟಿಗೆಯಲ್ಲಿ ತುಂಬಿ, ಗ್ರಾನೋಲಾ ಎಂದು ಹೆಸರಿಟ್ಟು ಮಾರುತ್ತಾರಂತೆ. ಆಗ ನನಗೆ ಅದು ಸೋತ ಉಂಡಿಯಾಗಿಯೇ ಕಂಡಿತ್ತು.

ಎರಡನೆಯ ಪ್ರಯೋಗದ ಐಡಿಯಾ ಕಚೇರಿಯಲ್ಲಿಯೇ ಹೊಳೆಯಿತು. ಬಾಣಂತಿಯರಿಗೆ ಅಂಟಿನುಂಡಿ ಮಾಡುವುದಿಲ್ಲವೇ? ಅಂದಮೇಲೆ ಅಂಟು ತಿನ್ನುವ ವಸ್ತು. ಬಾಣಂತಿಯ ಉಂಡಿಯಲ್ಲಿ ಅಂಟನ್ನು ತುಪ್ಪದಲ್ಲಿ ಹುರಿದು ಅರಳಿಸುತ್ತಾರೆ, ಅಲ್ಲಿಯೂ ಹಿಡಿದಿಡುವುದು ಬೆಲ್ಲವೇ, ಎಂಬುದು ನನಗೆ ಗೊತ್ತಿರಲಿಲ್ಲ. ಗುಮಾಸ್ತನಿಗೆ ಗೊತ್ತಿರುವುದು ಅಂಟನ್ನು ನೀರಿನಲ್ಲಿ ನೆನೆಹಾಕುವ ಒಂದೇ ವಿದ್ಯೆ. ಲಕೋಟೆ ಅಂಟಿಸಲು ನಾವು ದಿನಾ ಮಾಡುತ್ತಿದ್ದದ್ದು ಅದನ್ನೇ. ಕಿರಾಣಿ ಅಂಗಡಿಯಿಂದ ಒಳ್ಳೆಯ ಅಂಟು ತಂದು, ರಾತ್ರಿ ನೆನೆಹಾಕಿ, ಬೆಳಿಗ್ಗೆ ಅದರಲ್ಲಿ ಶೇಂಗಾ ಅಳ್ಳು ಕಲಸಿ ಉಂಡಿ ಕಟ್ಟಿ ಬಿಸಿಲಿಗೆ ಇಟ್ಟೆ. ಸಂಜೆಗೆ ಗಟ್ಟಿಯಾದವು. ಗಟ್ಟಿಯೆಂದರೆ, ಅವುಗಳಲ್ಲಿ ಒಂದನ್ನು ಒಡೆಯಲು ಈರಮ್ಮ ಕೊನೆಗೆ ರುಬ್ಬುಗುಂಡನ್ನೇ ತರಬೇಕಾಯಿತು. ಮರುದಿನ ನಾಲ್ಕನ್ನು ಕಚೇರಿಗೆ ಒಯ್ದು ಹಂಚಿದೆ. ನಮ್ಮ ಟಪಾಲು ಗುಮಾಸ್ತ ಒಂದನ್ನು ಬಹಳ ಹೊತ್ತು ಚೀಪಿ, ಕಣ್ಣು ಮುಚ್ಚಿ, "ಈ ರುಚಿ ನನಗ ಎಲ್ಲೋ ಪರಿಚಯ ಅದ" ಅಂದ. ಇಪ್ಪತ್ತು ವರ್ಷ ನಾಲಿಗೆಯಿಂದ ಲಕೋಟೆ ಮುಚ್ಚಿದವನು. ಅವನಿಗೆ ಪರಿಚಯವಿಲ್ಲದೆ ಇನ್ನಾರಿಗಿರಬೇಕು?

ಮೂರನೆಯದರ ಶ್ರೇಯಸ್ಸು ಬಜಾರಿನ ಮಹಬೂಬ್ ಸಾಬರಿಗೆ ಸಲ್ಲಬೇಕು. ಅವರದು ಒಣಹಣ್ಣಿನ ಅಂಗಡಿ. ನನ್ನ ಕಷ್ಟವನ್ನೆಲ್ಲ ಕೇಳಿ ತಕ್ಕಡಿ ಕೆಳಗಿಟ್ಟು, "ಅರೆ ಸಾಬ್, ಖಜೂರ್ ಡಾಲೋ, ಖಜೂರ ಹಾಕ್ರಿ. ನಮ್ಮ ಮನ್ಯಾಗ ಅಮ್ಮಿ ಖಜೂರ ಕುಟ್ಟಿ ಬದಾಮ್ ಕಲಸಿ ಮಾಡ್ತಿದ್ರು, ಕಲ್ಲಿಗೆ ಹೊಡದ್ರೂ ಬಿಚ್ಚತಿರಲಿಲ್ಲ. ಬೆಲ್ಲನೂ ಬ್ಯಾಡ, ಸಕ್ಕರಿನೂ ಬ್ಯಾಡ" ಅಂದರು. ನನಗೆ ಆ ಮನುಷ್ಯನ ಕಾಲು ಮುಟ್ಟಬೇಕು ಎನ್ನಿಸಿತು. ಖರ್ಜೂರ ಕುಟ್ಟಿ, ಶೇಂಗಾ ಎಳ್ಳು ಕಲಸಿ ಕಟ್ಟಿದೆ. ಏನು ಉಂಡಿ ಎನ್ನುತ್ತೀರಿ! ದುಂಡಗೆ, ಮೆತ್ತಗೆ, ಸಿಹಿಯಾಗಿ. ಒಂದು ಚೂರು ಬೆಲ್ಲವಿಲ್ಲದೆ ಅಷ್ಟು ಸಿಹಿ ಎಲ್ಲಿಂದ ಬಂತು ಎಂದು ಯೋಚಿಸುವ ವಿವೇಕ ನನಗೆ ಬರಲಿಲ್ಲ. ಬರುವಷ್ಟರಲ್ಲಿ ಆರು ತಿಂದಿದ್ದೆ. ಭಾನುವಾರ ಒಂದು ಡಬ್ಬಿ ತುಂಬಿಕೊಂಡು ಮಾನ್ವಿಗೆ ಹೊರಟೆ.

ಅಕ್ಕ ಆವತ್ತು ಹಿರೇಕೊಟ್ನೆಕಲ್ಲಿಗೆ ಒಂದು ತೊಟ್ಟಿಲ ಶಾಸ್ತ್ರಕ್ಕೆ ಹೋಗಿದ್ದಳು. ಮಾವ ಒಬ್ಬರೇ ಇದ್ದರು. ಉಂಡಿ ನೋಡಿ, ಮೂಸಿ, "ಬಾಯಿಗೆ ಹಾಕೋಕಿಂತ ಮೊದ್ಲ ಪರೀಕ್ಷಾ ಆಗ್ಲಿ" ಅಂದರು. ಯಾರ ಪರೀಕ್ಷೆ ಎಂದು ನಾನು ಕೇಳುವಷ್ಟರಲ್ಲಿ ಒಂದು ಉಂಡಿಯನ್ನು ನೀರಿನಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸಿ, ಎಂಟು ಹನಿಯನ್ನು ಆ ನೀಲಿ ಔಷಧದೊಳಗೆ ಬಿಟ್ಟಿದ್ದರು. ದೀಪದ ಮೇಲೆ ಹಿಡಿದದ್ದೇ ತಡ, ಹಸಿರಾಗಲಿಲ್ಲ, ಹಳದಿಯಲ್ಲಿ ನಿಲ್ಲಲಿಲ್ಲ, ನೇರವಾಗಿ ಇಟ್ಟಂಗಿ ಕೆಂಪು. ಮಾವ ನನ್ನನ್ನು ನೋಡಿದ ರೀತಿಗೆ, ನಾನು ಅಕ್ಕನಿಗೆ ವಿಷ ಹಾಕಲು ಬಂದವನೇನೋ ಎಂದು ನನಗೇ ಅನುಮಾನ ಬಂತು.

"ಹೋಲಿಸಿ ನೋಡಾಕ ಸಕ್ಕರಿದೂ ಒಂದು ಮಾಡೂಣು" ಎಂದು ಮಾವ ಡಬ್ಬಿಯಿಂದ ಒಂದು ಚಮಚ ಸಕ್ಕರೆ ತೆಗೆದು ನೀರಿನಲ್ಲಿ ಕರಗಿಸಿ, ಬೇರೆ ನಳಿಕೆಯಲ್ಲಿ ಹಾಕಿ ಕಾಯಿಸಿದರು. ಕಾಯಿಸಿದರು, ಇನ್ನಷ್ಟು ಕಾಯಿಸಿದರು. ಅದು ನೀಲಿಯಾಗಿಯೇ ಇತ್ತು. ಮತ್ತೆ ಎರಡು ಚಮಚ ಸಕ್ಕರೆಯ ಪಾನಕ ಮಾಡಿ ಹಾಕಿದರು. ನಿರ್ಮಲವಾದ ನೀಲಿ. ಆಮೇಲೆ ಮಾವ ದೀಪ ಆರಿಸಿ, ಬಹಳ ನಿಧಾನವಾಗಿ ಹೇಳಿದರು:

"ಸಕ್ಕರಿಯೊಳಗ ಸಕ್ಕರಿ ಇಲ್ಲಪ್ಪ."

ನಗಬೇಡಿ. ಅದು ಹಾಗೆಯೇ ಆಗುವುದಂತೆ. ಆ ಔಷಧ ಹಿಡಿಯುವುದು ಮೂತ್ರದಲ್ಲಿ ಬರುವ ಜಾತಿಯ ಸಕ್ಕರೆಯನ್ನು. ಅದು ಖರ್ಜೂರದಲ್ಲೂ ಇರುತ್ತದೆ. ಡಬ್ಬಿಯೊಳಗಿನ ಬಿಳಿ ಸಕ್ಕರೆ ಹೊಟ್ಟೆಯೊಳಗೆ ಹೋದ ಮೇಲೆ ಆ ಜಾತಿಗೆ ಸೇರುತ್ತದೆ, ನಳಿಕೆಯೊಳಗೆ ಮಾತ್ರ ಸಂಭಾವಿತನ ಹಾಗೆ ಕೂತಿರುತ್ತದೆ. ಇದನ್ನೆಲ್ಲ ಡಾಕ್ಟರು ನನಗೆ ಹೇಳಿದ್ದು ಆಮೇಲೆ. ಆವತ್ತು ಪಡಸಾಲೆಯಲ್ಲಿ ಇದ್ದವರು ಒಬ್ಬ ನಿವೃತ್ತ ಜವಾನ, ಒಬ್ಬ ಗುಮಾಸ್ತ. ಕಣ್ಣಿಂದ ಕಂಡದ್ದನ್ನು ನಂಬದೆ ಇರಲು ನಮಗೆ ಅಷ್ಟು ವಿದ್ಯೆ ಇರಲಿಲ್ಲ. ಖರ್ಜೂರ ವಿಷ, ಸಕ್ಕರೆ ನಿರಪರಾಧಿ ಎಂದು ಇಬ್ಬರೂ ಕೂಡಿ ತೀರ್ಪು ಕೊಟ್ಟೆವು. ನಾನು ಬರುವಾಗ ಬಸ್ಸಿನಲ್ಲಿ ಕೂತು ಕಡತದಲ್ಲಿ ಬರೆದುಕೊಂಡೆ: 'ಸಕ್ಕರೆ ಹಾಕಬಹುದು. ಪರೀಕ್ಷೆಯಿಂದ ಸಿದ್ಧ.'

ಮನೆಗೆ ಬಂದು ಈರಮ್ಮನಿಗೆ ಈ ಶುಭವಾರ್ತೆ ಹೇಳಿದಾಗ ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು. "ಸಕ್ಕರಿ ಬ್ಯಾನಿ ಇದ್ದಾಕಿಗೆ ಸಕ್ಕರಿ ಉಂಡಿ ತಿನಸ್ತೀರಿ?" ಎಂದು ಕೇಳಿದಳು. ನಳಿಕೆಯ ಸಾಕ್ಷಿ ಹೇಳಿದೆ. "ನಳಿಕಿ ಏನರ ಹೇಳ್ಲಿ. ನಿಮಗ ಅಷ್ಟು ನಂಬಿಕಿ ಇದ್ರ ಮೊದ್ಲ ನೀವು ತಿನ್ರಿ. ಹಬ್ಬದ ತನಕ ತಿನ್ರಿ. ಆಮ್ಯಾಲ ಯಕ್ಕಗ ಕೊಡೋದು ನೋಡೂಣು" ಅಂದಳು. ಅದರಲ್ಲಿದ್ದ ಬುದ್ಧಿವಂತಿಕೆ ನನಗೆ ತಿಳಿಯಲಿಲ್ಲ. ನನಗೆ ತಿಳಿದದ್ದು ಇಷ್ಟೇ: ಒಡಹುಟ್ಟಿದವಳ ಸಲುವಾಗಿ ದಿನಾ ಸಕ್ಕರೆ ಉಂಡಿ ತಿನ್ನುವ ತ್ಯಾಗ ನನ್ನ ಪಾಲಿಗೆ ಬಂದಿದೆ. ಮೂರು ವಾರ ಬೆಳಿಗ್ಗೆ ಎರಡು, ಸಂಜೆ ಎರಡು, ಮಲಗುವಾಗ ಮನಸ್ಸಿಗೆ ಬಂದಷ್ಟು ತಿಂದೆ. ರಾತ್ರಿ ಬಹಳ ಸಲ ನೀರಡಿಸುತ್ತಿತ್ತು, ಏಳುವುದೂ ಆಗುತ್ತಿತ್ತು. ಸೆಕೆ ಇರಬೇಕೆಂದುಕೊಂಡೆ. ಆಷಾಢದ ಮಳೆ ಬಂದ ಮೇಲೂ ಸೆಕೆಯೇ ಎಂದುಕೊಂಡೆ.

ಪಂಚಮಿಗೆ ನಾಲ್ಕು ದಿನ ಇರುವಾಗ ಅಡುಗೆಮನೆಯಿಂದ ಒನಕೆಯ ಸದ್ದು ಕೇಳಿ ಹೋಗಿ ನೋಡಿದೆ. ಈರಮ್ಮ ಒರಳಿನಲ್ಲಿ ಹುರಿದ ಶೇಂಗಾ ಕುಟ್ಟುತ್ತಿದ್ದಳು. ಪುಡಿಯಾದ ಮೇಲೂ ನಿಲ್ಲಿಸಲಿಲ್ಲ. ಕುಟ್ಟಿದಳು, ಕುಟ್ಟಿದಳು, ಶೇಂಗಾ ತನ್ನ ಎಣ್ಣೆ ತಾನೇ ಬಿಟ್ಟುಕೊಂಡು ಮೇಣದಂತೆ ಆಗುವವರೆಗೆ ಕುಟ್ಟಿದಳು. ಎಳ್ಳನ್ನೂ ಹಾಗೆಯೇ ಮಾಡಿದಳು. ಅಳ್ಳು, ಒಣಕೊಬ್ಬರಿ, ಏಲಕ್ಕಿ ಸೇರಿಸಿ, ಕೊನೆಗೆ ಅಡಿಕೆ ಗಾತ್ರದ ಒಂದು ಬೆಲ್ಲದ ಚೂರು ಹಾಕಿ ಮತ್ತೆ ನಾಲ್ಕು ಪೆಟ್ಟು. ನಿಂಬೆಹಣ್ಣಿನಷ್ಟು ದೊಡ್ಡ ಉಂಡಿಗಳು ಅವಳ ಅಂಗೈಯಿಂದ ಒಂದಾದ ಮೇಲೊಂದು ಇಳಿದು ತಟ್ಟೆಯಲ್ಲಿ ಕೂತವು. ಒಂದೂ ಬಿಚ್ಚಲಿಲ್ಲ. ನಾನು ಒಂದನ್ನು ಬಾಯಿಗೆ ಹಾಕಿಕೊಂಡೆ. ಸಿಹಿ ಇತ್ತೇ ಎಂದರೆ ಇತ್ತು, ಇಲ್ಲವೇ ಎಂದರೆ ಹುಡುಕಬೇಕಿತ್ತು. ಶೇಂಗಾ ಮಾತ್ರ ಬಾಯಿತುಂಬ ಇತ್ತು.

"ಇದು ಬರ್ತಿತ್ತಂದ್ರ ಮೊದ್ಲ ಯಾಕ ಹೇಳ್ಲಿಲ್ಲ?" ಎಂದು ಕೇಳಿದೆ.

ಈರಮ್ಮ ಕೈ ನಿಲ್ಲಿಸದೆ ಹೇಳಿದಳು: "ನಮ್ಮ ತವರೂರು ಕುರ್ಡ್ಯಾಗ ನಮ್ಮವ್ವ ಹಿಂಗ ಕಟ್ಟತಿದ್ಲು. ಬೆಲ್ಲ ಬಾಳ ಎಲ್ಲಿಂದ ತರಬೇಕು, ಶೇಂಗಾ ಹರಿಯಾಕ ಕೂಲಿಗೆ ಹೋದಲ್ಲಿ ಶೇಂಗಾ ಕೊಡ್ತಿದ್ರು. ನಾ ಈ ಮನಿಗೆ ಬಂದ ಮೊದಲ್ನೇ ಪಂಚಮಿಗೆ ಅವ್ವ ಇದನ್ನ ಒಂದು ಗಂಟು ಕಟ್ಟಿ ಕಳಿಸಿದ್ಲು. ಯಕ್ಕ ಒಂದು ಕಚ್ಚಿ ನೋಡಿ, 'ನಿಮ್ಮೂರಾಗ ಬೆಲ್ಲ ಸಿಗಂಗಿಲ್ಲೇನು?' ಅಂದ್ಲು. ನೀವು ನಕ್ರಿ. ಅವತ್ತಿನಿಂದ ನಾ ಇದನ್ನ ಕಟ್ಟಿಲ್ಲ."

ಆ ನಗು ನನಗೆ ನೆನಪಿರಲಿಲ್ಲ. ನೆನಪೇ ಇಲ್ಲವಲ್ಲ ಎಂದು ಇನ್ನೂ ಹೆಚ್ಚು ನಾಚಿಕೆಯಾಯಿತು. ಹದಿನೆಂಟು ವರ್ಷ ಅವಳು ಈ ಮನೆಯಲ್ಲಿ ನಮ್ಮ ರುಚಿಗೆ ಬೆಲ್ಲ ಸುರಿದು ಉಂಡಿ ಕಟ್ಟಿದ್ದಳು, ತನ್ನ ಅವ್ವನ ಉಂಡಿಯನ್ನು ಮನಸ್ಸಿನಲ್ಲಿ ಮುಚ್ಚಿಟ್ಟುಕೊಂಡು. ನಾನು ಕಡತ ಮುಚ್ಚಿ, ಒನಕೆ ತೆಗೆದುಕೊಂಡು, ಅವಳು ಹೇಳಿದಷ್ಟು ಹೊತ್ತು ಕುಟ್ಟಿದೆ. ಮೂರು ದಿನ ತೋಳು ಎತ್ತಲಾಗಲಿಲ್ಲ.

ಹೇಳಿ ಕಳಿಸಿದೆ, ಅಕ್ಕ ಬಂದಳು. ಜೊತೆಗೆ ಮಾವ, ಮಾವನ ಜೊತೆಗೆ ಸ್ಪಿರಿಟ್ ದೀಪ. ಹಬ್ಬದ ದಿನ ಎಲ್ಲರ ತಟ್ಟೆಗೂ ಒಂದೇ ಉಂಡಿ ಬಿತ್ತು. ಅಕ್ಕ ಅನುಮಾನದಿಂದ ಕಚ್ಚಿದಳು, ನಿಧಾನಕ್ಕೆ ಅಗಿದಳು, ಪೂರ್ತಿ ತಿಂದು ಬೆರಳು ನೆಕ್ಕಿದಳು. "ಯಾರು ಕಟ್ಟಿದ್ದು?" ಎಂದು ಕೇಳಿದಳು. ಕುಟ್ಟಿದ ತೋಳನ್ನು ತೋರಿಸುತ್ತ ನಾನು ಬಾಯಿ ತೆರೆಯುವಷ್ಟರಲ್ಲಿ ಈರಮ್ಮ, "ನಮ್ಮವ್ವ ಕಟ್ಟಿದಂಗ ಕಟ್ಟೀನಿ ಯಕ್ಕಾ. ಕುರ್ಡಿ ಉಂಡಿ" ಅಂದಳು. ಅಕ್ಕನಿಗೆ ನೆನಪಿತ್ತು, ಮುಖದಲ್ಲಿಯೇ ಗೊತ್ತಾಯಿತು. ಆಮೇಲೆ ಈರಮ್ಮನ ಕೈ ಹಿಡಿದು ಹತ್ತಿರ ಕೂಡಿಸಿಕೊಂಡು, "ಆವತ್ತ ಬ್ಯಾನಿ ನನ್ನ ನಾಲಿಗಿಗೆ ಇತ್ತು ಯವ್ವಾ, ನನಗ ತಿಳೀಲಿಲ್ಲ" ಅಂದಳು. ಇಬ್ಬರೂ ಕಣ್ಣು ಒರೆಸಿಕೊಂಡರು. ನಾನೂ ಒರೆಸಿಕೊಂಡೆ, ಯಾರೂ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಮಾವ ಅಂಗಳದಲ್ಲಿ ದೀಪ ಹಚ್ಚಿದರು. ಅಕ್ಕನ ನಳಿಕೆ ತಿಳಿಹಸಿರಿನಲ್ಲಿ ನಿಂತಿತು. ಹಬ್ಬದ ಮರುದಿನಕ್ಕೆ ಇದು ಪ್ರಥಮ ದರ್ಜೆ ಎಂದು ಮಾವ ಘೋಷಿಸಿದರು. ನಾನು ಗೆದ್ದವನಂತೆ ಎದೆ ಉಬ್ಬಿಸಿ ನಿಂತಿದ್ದೆ. ಅಕ್ಕ ನನ್ನ ಕಡೆ ನೋಡಿ, "ಇವಂದೂ ಒಂದು ನೋಡ್ರಿ. ನನ್ನ ಸಲುವಾಗಿ ಮೂರು ವಾರ ಸಕ್ಕರಿ ಉಂಡಿ ತಿಂದಾನಂತ" ಅಂದಳು. ನಾನು ನಗುತ್ತಲೇ ಕೊಟ್ಟೆ. ಮಾವ ಕಾಯಿಸಿದರು. ಅದು ಖರ್ಜೂರದ ಉಂಡಿಗಿಂತ ಬೇಗ ಕೆಂಪಾಯಿತು.

"ನಿಮ್ಮ ನಳಿಕಿ ಕೆಟ್ಟದ, ಇನ್ನೊಮ್ಮೆ ಮಾಡ್ರಿ" ಎಂದು ಅಕ್ಕ ಗಂಡನ ಮೇಲೆ ಹರಿಹಾಯ್ದಳು. ತನ್ನದು ಕೆಂಪಾದ ದಿನವೂ ಹೀಗೆ ಹೆದರಿದವಳಲ್ಲ ಅವಳು. ಇನ್ನೊಮ್ಮೆ ಮಾಡಿದರು, ಇನ್ನೊಮ್ಮೆ ಕೆಂಪು. ಆವತ್ತೇ ಅಕ್ಕ ನನ್ನ ರಟ್ಟೆ ಹಿಡಿದು ಡಾಕ್ಟರ ಮುಂದೆ ಕೂಡಿಸಿದಳು, ಮಾಸ್ತರರ ಮುಂದೆ ಕೂಡಿಸಿದ ಹಾಗೆಯೇ. ಕಾಯಿಲೆ ಬಹಳ ದಿನದಿಂದ ಇದ್ದಿರಬೇಕು, ಈಗ ಸಿಕ್ಕಿತು ಅಷ್ಟೇ ಎಂದರು ಅವರು. ಗುಳಿಗೆ ಬರೆದರು, ಪಥ್ಯ ಹೇಳಿದರು. ಉಂಡಿಯ ವಿಷಯ ನಾನೇ ನಾಚಿಕೆ ಬಿಟ್ಟು ಕೇಳಿದೆ. ಬೆಲ್ಲ ಅಷ್ಟು ಕಡಿಮೆಯಿದ್ದರೆ ನೀವೂ ದಿನಕ್ಕೊಂದು ತಿನ್ನಬಹುದು ಎಂದರು. ಸಕ್ಕರೆ ಕಾಯಿಲೆಯವರಿಗಾಗಿ ತಯಾರಾದ ಉಂಡಿ ಮನೆಯಲ್ಲಿರುವಾಗಲೇ ನನಗೆ ಸಕ್ಕರೆ ಕಾಯಿಲೆ ಬಂದದ್ದು ದೈವಕೃಪೆ ಎಂದು ಸಮಾಧಾನ ಮಾಡಿಕೊಂಡು ಮನೆಗೆ ಬಂದೆ.

ಊಟಕ್ಕೆ ಕೂತಾಗ ಈರಮ್ಮ ಅಕ್ಕನ ತಟ್ಟೆಗೆ ಒಂದು ಉಂಡಿ ಹಾಕಿದಳು, ಮಾವನಿಗೆ ಒಂದು ಹಾಕಿದಳು, ನನ್ನನ್ನು ದಾಟಿ ಹೋದಳು. ಡಾಕ್ಟರ ಮಾತು ನೆನಪಿಸಿದೆ. "ದಿನಕ್ಕೊಂದು ಅಂದಾರ, ಖರೆ ಅದ" ಅಂದಳು ಈರಮ್ಮ, ತಟ್ಟೆಯನ್ನು ನೆಲುವಿನ ಮೇಲೆ ಎತ್ತಿಡುತ್ತ. "ಆದ್ರ ನೀವು ಬರೋ ವರ್ಷದ ಪಂಚಮಿ ತನಕಾದ್ದು ಆಗಲೇ ಮುಂಗಡ ತಿಂದೀರಿ."

ಅಕ್ಕ ಗಂಭೀರವಾಗಿ ತಲೆಯಾಡಿಸಿದಳು. ಹದಿನೆಂಟು ವರ್ಷದಲ್ಲಿ ಅವರಿಬ್ಬರೂ ಒಂದೇ ಮಾತಿಗೆ ಒಪ್ಪಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೋಗಲಿ, ಅತ್ತಿಗೆ ನಾದಿನಿಯರನ್ನು ಒಂದು ಮಾಡಿದ ಪುಣ್ಯವಾದರೂ ನನಗೆ ಬಂತಲ್ಲ ಎಂದು ಸಂತೋಷಪಡಲು ನೋಡಿದೆ. ಬರೀ ರೊಟ್ಟಿ ಅಗಿಯುತ್ತ ಸಂತೋಷಪಡುವುದು ನಾನು ತಿಳಿದಷ್ಟು ಸುಲಭವಾಗಿರಲಿಲ್ಲ.